ಪಂಪ್‌ಸೆಟ್‌ಗೆ ಮೀಟರಿಲ್ಲ, ಸಬ್ಸಿಡಿ ಹೊತ್ತಿಗೆ ಬರಲ್ಲ: ಎಸ್ಕಾಂಗಳ ಸಾಲ ತೀರಿಸೋರು ಯಾರು?

ಸರಸ್ವತಿಪುರಂ_ನಿವಾಸಿ

ಹೋದ ತಿಂಗಳ ಕರೆಂಟ್ ಬಿಲ್ಲು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. 220 ಯೂನಿಟ್. ಗೃಹಜ್ಯೋತಿ 200ಕ್ಕೆ ನಿಲ್ಲುವುದರಿಂದ ನಮ್ಮದು ಪೂರ್ತಿ ಬಿಲ್ಲು. ಯೂನಿಟ್ಟಿಗೆ 5.80ರಂತೆ 1,276 ರೂಪಾಯಿ. ಮೂರು ಕಿಲೋವಾಟ್‌ಗೆ 145ರಂತೆ ನಿಗದಿತ ಶುಲ್ಕ 435. ಅದರ ಕೆಳಗೆ 'ಪಿ ಅಂಡ್ ಜಿ' ಅಂತ 79 ರೂಪಾಯಿ 20 ಪೈಸೆ. ಆಮೇಲೆ ತೆರಿಗೆ.

ಪಿ ಅಂಡ್ ಜಿ ಅಂದರೆ ಪಿಂಚಣಿ, ಗ್ರಾಚುಟಿಯಂತೆ. 2025ರ ಏಪ್ರಿಲ್‌ನಿಂದ ಯೂನಿಟ್ಟಿಗೆ 36 ಪೈಸೆ. ಎಸ್ಕಾಂ ಅನ್ನುವ ಈ ವಿದ್ಯುತ್ ವಿತರಣಾ ನಿಗಮಗಳ ನೌಕರರ ಪಿಂಚಣಿಯನ್ನು ನಾನು ಯಾಕೆ ಕಟ್ಟಬೇಕು? ಕೇಳಿದರೆ ನಿಗಮಗಳು ಸಾಲದಲ್ಲಿವೆ ಅನ್ನುತ್ತಾರೆ. ಸಾಲ ಯಾಕಾಯಿತು ಅಂದರೆ ಹಳ್ಳಿಯಲ್ಲಿ 10 ಎಚ್‌ಪಿವರೆಗೆ ಪಂಪ್‌ಸೆಟ್‌ಗೆ ಬಿಲ್ಲೇ ಇಲ್ಲ. ಅವರು ಪುಕ್ಕಟೆ ನೀರೆತ್ತಬೇಕು, ಸಾಲ ಮೈಸೂರಿನ ಸಂಬಳದವರು ತೀರಿಸಬೇಕು, ಹೀಗೇನಾ ಲೆಕ್ಕ? ತಿಳಿದವರು ಹೇಳಿ.

ಕೊನೇಭಾಗದ_ರೈತ

ಅಣ್ಣ, ಬಿಲ್ ನೋಡಿ ಹೊಟ್ಟೆ ಉರಿಯೋದು ಸರಿ. ಆ ಉರೀನ ನಮ್ಮ್ ಕಡೆ ಯಾಕ್ ತಿರುಗುಸ್ತೀರ? ನಮ್ದು ಮದ್ದೂರ್ ತಾಲ್ಲೂಕು, ವಿಸಿ (ವಿಶ್ವೇಶ್ವರಯ್ಯ) ನಾಲೆ ಕೊನೇಭಾಗ. ಕನ್ನಂಬಾಡಿ ತುಂಬಿದ್ರೂ ನಮ್ ತೂಬಿಗ್ ನೀರ್ ಬರೋವೊತ್ಗೆ ಪೈರು ಒಣಗಿರ್ತದೆ. ಅದ್ಕೆ ಬೋರು, ಅದ್ಕೆ ಮೋಟ್ರು. ತ್ರೀ ಫೇಸ್ ಕೊಡೋದು ಏಳ್ ಗಂಟೆ, ಅದ್ರಲ್ಲೂ ಅರ್ಧ ರಾತ್ರಿಲಿ. ಟಾರ್ಚ್ ಹಿಡ್ಕಂಡು ಚಿರತೆ ಭಯದಲ್ ಗದ್ದೆಗ್ ಹೋಗೋದ್ನ ಪುಕ್ಕಟೆ ಅಂತೀರಲ್ಲ. ಪುಕ್ಕಟೆ ಕೊಡಿ ಅಂತ ನಾವ್ ಕೇಳಿದ್ಕಿಂತ ಕೊಡ್ತೀವಿ ಅಂತ ವೋಟಿಗ್ ಬಂದೋರೇ ಜಾಸ್ತಿ.

ಹಳೇ_ಕೆಇಬಿ

ಇಬ್ಬರೂ ಸ್ವಲ್ಪ ತಾಳಿ. ನಾನು ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತನಾದವನು. ಆ 36 ಪೈಸೆ ಬಂದು ಸೇರುವ ಜೇಬುಗಳಲ್ಲಿ ನನ್ನದೂ ಒಂದು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ.

1957ರಲ್ಲಿ ಹುಟ್ಟಿದ ವಿದ್ಯುತ್ ಮಂಡಳಿಯನ್ನು (ಕೆಇಬಿ) 1999ರಲ್ಲಿ ಕೆಪಿಟಿಸಿಎಲ್ ಅನ್ನುವ ಪ್ರಸರಣ ನಿಗಮ ಮಾಡಿದರು. 2002ರಲ್ಲಿ ವಿತರಣೆಯನ್ನು ಬೇರೆ ಕಂಪನಿಗಳಿಗೆ ಹಂಚಿದರು. ಮೈಸೂರು, ಮಂಡ್ಯ, ಹಾಸನ, ಕೊಡಗು, ಚಾಮರಾಜನಗರ ಮೊದಲು ಮಂಗಳೂರಿನ ಮೆಸ್ಕಾಂನಲ್ಲಿದ್ದವು, ಆಮೇಲೆ ನಮ್ಮ ಚಾಮುಂಡೇಶ್ವರಿ ನಿಗಮವಾಯಿತು. ಪಿಂಚಣಿ ನಿಧಿಗೆ ಸರ್ಕಾರ ಹಾಕಬೇಕಾದ ಪಾಲು ಅಂತ ಒಂದಿತ್ತು. ಅದನ್ನು ಗ್ರಾಹಕರಿಂದ ವಸೂಲು ಮಾಡಿ ಅಂತ ಈಗ ದರ ನಿಗದಿ ಮಾಡುವ ವಿದ್ಯುತ್ ನಿಯಂತ್ರಣ ಆಯೋಗದ ಆದೇಶವಾಗಿದೆ. ಅಂದರೆ ನಿವಾಸಿಯವರೇ, ನೀವು ಕಟ್ಟುತ್ತಿರುವುದು ಸರ್ಕಾರ ಕೈಬಿಟ್ಟ ಪಾಲನ್ನು. ಪಂಪ್‌ಸೆಟ್ಟಿಗೂ ಆ 79 ರೂಪಾಯಿಗೂ ನೇರ ಸಂಬಂಧವಿಲ್ಲ.

ಇನ್ನು ಸಾಲ ಹೇಗೆ ಬೆಳೆಯುತ್ತದೆ ನೋಡಿ. ಎಸ್ಕಾಂ ತಾನು ಮಾರುವ ಕರೆಂಟನ್ನು ಕೊಂಡು ತರಬೇಕು. ಕರೆಂಟು ಉತ್ಪಾದಿಸುವ ರಾಜ್ಯದ ಕೆಪಿಸಿ, ಕೇಂದ್ರದ ಎನ್‌ಟಿಪಿಸಿ, ಖಾಸಗಿ ಸೋಲಾರ್‌ನವರು, ಎಲ್ಲರಿಗೂ ತಿಂಗಳಾದ ಕೂಡಲೇ ದುಡ್ಡು. ತಡವಾದರೆ ಸರ್ಚಾರ್ಜು. ಥರ್ಮಲ್ ಸ್ಥಾವರ ಓಡದೆ ನಿಂತಿದ್ದರೂ ಒಪ್ಪಂದದಂತೆ ಸ್ಥಿರ ವೆಚ್ಚ ಕೊಡಲೇಬೇಕು. ಇತ್ತ ಬರುವ ಹಣ? ಮನೆಗಳು, ಕಾರ್ಖಾನೆಗಳು ಕಟ್ಟುತ್ತವೆ. ಪಂಪ್‌ಸೆಟ್ಟಿನ ಹಣ ಸರ್ಕಾರದಿಂದ ಬರಬೇಕು. 2003ರ ವಿದ್ಯುತ್ ಕಾಯ್ದೆಯ 65ನೇ ಕಲಂ ಪ್ರಕಾರ ಪುಕ್ಕಟೆ ಅಥವಾ ರಿಯಾಯಿತಿ ದರದಲ್ಲಿ ಕೊಡಿಸುವ ಸರ್ಕಾರ ಆ ಹಣವನ್ನು ಮುಂಗಡ ಕೊಡಬೇಕು. ಮುಂಗಡ! ನನ್ನ ಸರ್ವಿಸಿನಲ್ಲಿ ಆ ಪದ ಕೇಳಿದರೆ ಕ್ಯಾಶಿಯರ್‌ಗಳೂ ನಗುತ್ತಿದ್ದರು. ಬಾರದ ಹಣಕ್ಕೆ ಬದಲಾಗಿ ಬ್ಯಾಂಕಿನಿಂದ ದುಡಿಯುವ ಬಂಡವಾಳ ಅಂತ ಸಾಲ ಎತ್ತುವುದು, ಅದರ ಬಡ್ಡಿ ಮುಂದಿನ ವರ್ಷದ ನಷ್ಟಕ್ಕೆ ಸೇರುವುದು. ಇಷ್ಟೇ ಕಥೆ.

ಲೆಕ್ಕದ_ಮೇಡಂ

ಇಷ್ಟೇ ಕಥೆ ಅಲ್ಲ ಸರ್, ಇನ್ನೊಂದು ಬಿಟ್ಟಿರಿ. ಖರ್ಚು ನೂರಾದಾಗ ಆಯೋಗ ತೊಂಬತ್ತಕ್ಕೆ ದರ ನಿಗದಿ ಮಾಡಿ, ಉಳಿದ ಹತ್ತನ್ನು 'ರೆಗ್ಯುಲೇಟರಿ ಅಸೆಟ್' ಅಂತ ಪುಸ್ತಕದಲ್ಲಿ ಬರೆಯುತ್ತದೆ. ಚುನಾವಣೆ ಹತ್ತಿರವಿದ್ದರಂತೂ ಕೇಳಲೇಬೇಡಿ. ಮುಂದೆಂದೋ ಗ್ರಾಹಕರಿಂದ ವಸೂಲು ಮಾಡಬಹುದಾದದ್ದು, ಆದ್ದರಿಂದ ಆಸ್ತಿಯಂತೆ! ಬ್ಯಾಂಕಿನವರಿಗೆ ಮಾತ್ರ ಆ ಆಸ್ತಿ ತೋರಿಸಿದರೆ ಬಡ್ಡಿ ಬಿಡುವುದಿಲ್ಲ. ಇದನ್ನು ಹೀಗೆ ಬೆಳೆಸಿಕೊಂಡು ಹೋಗುವಂತಿಲ್ಲ, ಕಾಲಮಿತಿಯೊಳಗೆ ತೀರಿಸಿ ಅಂತ 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೀರಿಸುವುದೆಂದರೆ ನಮ್ಮ ಬಿಲ್ಲಿನಲ್ಲಿ ಇನ್ನೊಂದು ಸಾಲು.

ಇಡೀ ದೇಶದ ವಿತರಣಾ ಕಂಪನಿಗಳು ಕೂಡಿಹಾಕಿಕೊಂಡ ನಷ್ಟ 2024ರ ಮಾರ್ಚ್ ಹೊತ್ತಿಗೆ ಸುಮಾರು 6.9 ಲಕ್ಷ ಕೋಟಿ ರೂಪಾಯಿ. ಅದೂ ಎಷ್ಟು ಸಲ ತೊಳೆದ ಮೇಲೆ? 2002ರ ಆಸುಪಾಸಿನಲ್ಲಿ ಅಹ್ಲುವಾಲಿಯಾ ಸಮಿತಿ ಹೇಳಿದಂತೆ ಹಳೇ ಬಾಕಿಯನ್ನು ಬಾಂಡ್ ಮಾಡಿದರು. 2012ರಲ್ಲಿ ಹಣಕಾಸು ಪುನರ್‌ರಚನೆ. 2015ರ ನವೆಂಬರಿನಲ್ಲಿ ಕೇಂದ್ರದ ಉದಯ್ ಯೋಜನೆ, ಸಾಲದ ಮುಕ್ಕಾಲು ಪಾಲು ರಾಜ್ಯಗಳು ಹೊತ್ತುಕೊಳ್ಳುವುದು. 2020ರಲ್ಲಿ ಕೋವಿಡ್ ನೆಪದಲ್ಲಿ 90 ಸಾವಿರ ಕೋಟಿ ಹೊಸ ಸಾಲ. 2022ರಲ್ಲಿ ಉತ್ಪಾದಕರ ಹಳೇ ಬಾಕಿಗೆ 48 ಕಂತು. ಪ್ರತಿ ಸಲವೂ 'ಇದೇ ಕೊನೆ' ಅಂದರು.

ಅಕ್ರಾದಿಂದ_ಬಂದವ

ಮೇಡಂ ಹೇಳಿದ್ದನ್ನು ಓದಿ ನಗು ಬಂತು. ನಾನು ಘಾನಾದ ರಾಜಧಾನಿ ಅಕ್ರಾದಲ್ಲಿ ಕೆಲಸ ಮಾಡಿ ಈಗ ವಿಜಯನಗರದಲ್ಲಿ ಮನೆ ಮಾಡಿಕೊಂಡಿದ್ದೇನೆ. ಅಲ್ಲಿನ ಲೋಡ್‌ಶೆಡ್ಡಿಂಗಿಗೆ ಡುಮ್ಸೋರ್ ಅಂತಾರೆ, ಹೆಸರು ಕೇಳಿದರೆ ಅಲ್ಲಿಯವರಿಗೆ ಮೈ ಉರಿಯುತ್ತದೆ. ಅಲ್ಲಿ ಮನೆಗಳಿಗೆ ಪ್ರೀಪೇಯ್ಡ್ ಮೀಟರು, ಕಾಸು ಹಾಕಿದರೆ ದೀಪ. ಆದರೂ ವಲಯ ಸಾಲದಲ್ಲಿ!

2015ರಲ್ಲಿ ಪೆಟ್ರೋಲು, ಡೀಸೆಲು, ಕರೆಂಟಿನ ಮೇಲೆ ಇಂಧನ ವಲಯದ ಸೆಸ್ ಹಾಕುವ ಕಾನೂನು ಮಾಡಿದರು. 2017ರಲ್ಲಿ ಆ ಸೆಸ್ಸಿನ ಆದಾಯವನ್ನೇ ನೆಚ್ಚಿ ಬಾಂಡ್ ಮಾರಿ ಬ್ಯಾಂಕುಗಳ ಹಳೇ ಸಾಲ ತೀರಿಸಿದರು. ಎಲ್ಲರೂ ಭೇಷ್ ಅಂದರು. 2022ರ ಕೊನೆಗೆ ದೇಶವೇ ದಿವಾಳಿ ಅಂಚಿಗೆ ಬಂದಾಗ ಅದೇ ಬಾಂಡ್‌ಗಳನ್ನೂ ಸಾಲ ವಿನಿಮಯಕ್ಕೆ ಸೇರಿಸಿ, ಕಡಿಮೆ ಬಡ್ಡಿಗೆ ಹೆಚ್ಚು ವರ್ಷ ಕಾಯಿರಿ ಅಂದರು. 2025ರಲ್ಲಿ ಮತ್ತೆ ಪೆಟ್ರೋಲ್ ಲೀಟರಿಗೆ ಒಂದು ಸೇಡಿ (ಅಲ್ಲಿನ ನಾಣ್ಯ) ಹೊಸ ಸೆಸ್. ಸಾಲಕ್ಕೆ ಬಟ್ಟೆ ಬದಲಿಸಿದರು ಅಷ್ಟೇ. ಹೊಸ ಸಾಲ ಹುಟ್ಟುವ ಜಾಗ ಹಾಗೇ ಇತ್ತು. ಉತ್ಪಾದಕರೊಂದಿಗೆ ಡಾಲರಿನಲ್ಲಿ ಒಪ್ಪಂದ, ಬೇಡದ ಕರೆಂಟಿಗೂ ಸ್ಥಿರ ವೆಚ್ಚ, ವಿತರಣಾ ಕಂಪನಿಯಲ್ಲಿ ಸೋರಿಕೆ, ಸರ್ಕಾರಿ ಇಲಾಖೆಗಳ ಬಾಕಿ.

ಪಾಕಿಸ್ತಾನವೂ ಇದೇ ದಾರಿ. 2025ರ ಸೆಪ್ಟೆಂಬರಿನಲ್ಲಿ 18 ಬ್ಯಾಂಕುಗಳಿಂದ 1.225 ಲಕ್ಷ ಕೋಟಿ ಪಾಕಿಸ್ತಾನಿ ರೂಪಾಯಿ ಎತ್ತಿದ್ದಾರೆ. ಆರು ವರ್ಷ ಯೂನಿಟ್ಟಿಗೆ 3.23 ರೂಪಾಯಿ ಸರ್ಚಾರ್ಜು ಹಾಕಿ ಜನರೇ ತೀರಿಸಬೇಕು. ನಮ್ಮ 36 ಪೈಸೆ ಈಗ ಸಣ್ಣದಾಗಿ ಕಾಣುತ್ತದಲ್ಲ ನಿವಾಸಿಯವರೇ?

ಸರಸ್ವತಿಪುರಂ_ನಿವಾಸಿ

ಪಕ್ಕದ ಮನೆ ಸುಡುತ್ತಿದೆ ಅಂತ ನಮ್ಮ ಮನೆ ಬೆಂಕಿಯನ್ನು ಸಣ್ಣದು ಅನ್ನಲಾಗುತ್ತದೆಯೇ? ಪಿಂಚಣಿ ವಿಷಯ ತಿಳಿಯಿತು, ಹಳೇ ಕೆಇಬಿಯವರಿಗೆ ಥ್ಯಾಂಕ್ಸ್. ಆದರೆ ನನ್ನ ಮೂಲ ಪ್ರಶ್ನೆ ಹಾಗೇ ಇದೆ. ರಾಜ್ಯದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಕರೆಂಟು ಪಂಪ್‌ಸೆಟ್ಟಿಗೆ ಹೋಗುತ್ತದೆ ಅಂತಾರೆ. ಅದಕ್ಕೆ ಮೀಟರ್ ಹಾಕಿ ಅಂದರೆ ರೈತರು ಬಿಡುವುದಿಲ್ಲ. ಅಳೆಯಬೇಡಿ, ಕೊಡುತ್ತಲೇ ಇರಿ ಅಂದರೆ ಯಾವ ಅಂಗಡಿ ನಡೆಯುತ್ತದೆ?

ಕೊನೇಭಾಗದ_ರೈತ

ಮೂರ್ನೇ ಒಂದು ಪಾಲು ಅಂತ ಅಳದೋರ್ ಯಾರು? ಮೀಟ್ರೇ ಇಲ್ಲ ಅಂತೀರಿ, ಲೆಕ್ಕ ಎಲ್ಲಿಂದ ಬಂತು?

ಹಳೇ_ಕೆಇಬಿ

ಇದು ಪ್ರಶ್ನೆ. ಮೂವತ್ತು ಪೋಸ್ಟು ಹಾಕಿದರೂ ಪಟ್ಟಣದವರಿಗೆ ಹೊಳೆಯದ ಪ್ರಶ್ನೆ.

ಹೇಗೆ ಲೆಕ್ಕ ಹಾಕುತ್ತಾರೆ ಹೇಳುತ್ತೇನೆ. ಒಂದು ಫೀಡರಿಗೆ, ಅಂದರೆ ಊರಿಗೆ ಹೋಗುವ ಲೈನಿಗೆ, ಸಬ್‌ಸ್ಟೇಷನ್ನಿನಿಂದ 100 ಯೂನಿಟ್ ಬಿಟ್ಟರು ಅಂದುಕೊಳ್ಳಿ. ಸಬ್‌ಸ್ಟೇಷನ್ ತುದಿಯಲ್ಲಿ ಮೀಟರಿದೆ. ಊರಿನ ಮನೆ, ಅಂಗಡಿ, ಗಿರಣಿ ಎಲ್ಲ ಸೇರಿ ಮೀಟರಿನಲ್ಲಿ ಬಂದದ್ದು 50. ಉಳಿದ 50 ಎಲ್ಲಿ ಹೋಯಿತು? ಸ್ವಲ್ಪ ತಂತಿಯಲ್ಲಿ, ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) ಕಾವಾಗಿ ಹೋಯಿತು. ಸ್ವಲ್ಪ ಕೊಕ್ಕೆ ಹಾಕಿದವರಿಗೆ. ಮಿಕ್ಕದ್ದು ಪಂಪ್‌ಸೆಟ್ಟಿಗೆ. ಯಾವುದಕ್ಕೆ ಎಷ್ಟು ಅಂತ ಬರೆಯುವುದು ಕುರ್ಚಿಯಲ್ಲಿ ಕೂತವನ ಕೈಯಲ್ಲಿತ್ತು. ವಿತರಣಾ ನಷ್ಟ ಜಾಸ್ತಿ ತೋರಿಸಿದರೆ ಆಯೋಗ ದಂಡ ಹಾಕುತ್ತದೆ. ಪಂಪ್‌ಸೆಟ್ಟಿನ ಖಾತೆಗೆ ಬರೆದರೆ ಸಬ್ಸಿಡಿ ಕ್ಲೇಮು ಏರುತ್ತದೆ, ನಷ್ಟ ಇಳಿದಂತೆ ಕಾಣುತ್ತದೆ. ಯಾವ ಅಧಿಕಾರಿ ಯಾವುದನ್ನು ಆರಿಸುತ್ತಾನೆ ಅಂತ ನಾನು ಬೇರೆ ಹೇಳಬೇಕೆ?

ಸರ್ಕಾರಕ್ಕೂ ಇದು ಗೊತ್ತು. 'ನಿಮ್ಮ ಲೆಕ್ಕ ಉಬ್ಬಿಸಿದ್ದು' ಅಂತ ಹಣಕಾಸು ಇಲಾಖೆ ಕೈ ಬಿಗಿಹಿಡಿಯುತ್ತದೆ, ತಡಮಾಡುತ್ತದೆ. ಆ ತಡದ ಬಡ್ಡಿಯೇ ಸಾಲ. ಕೊಡುವವರಿಗೂ ಕೇಳುವವರಿಗೂ ಒಪ್ಪಿತವಾದ ಅಳತೆ ಇಲ್ಲದ ಕಡೆ ಬಾಕಿ ಬೆಳೆಯುತ್ತದೆ. ಕೆಟ್ಟ ಹೆಸರು ಮಾತ್ರ ರೈತನಿಗೆ.

ಒಂದು ಮೋಟರಿನ ಲೆಕ್ಕ ನೋಡಿ. 5 ಎಚ್‌ಪಿ ಮೋಟರು ಗಂಟೆಗೆ ಹತ್ತಿರ ಹತ್ತಿರ 4 ಯೂನಿಟ್ ಎಳೆಯುತ್ತದೆ. ದಿನಕ್ಕೆ 7 ಗಂಟೆ ಅಂದರೆ 28. ವರ್ಷಕ್ಕೆ 200 ದಿನ ಓಡಿತು ಅಂತ ಬರೆದರೆ 5,600 ಯೂನಿಟ್. ರೈತಣ್ಣ, ನೀವು ನಿಜವಾಗಿ ಎಷ್ಟು ದಿನ ಓಡಿಸುತ್ತೀರಿ?

ಕೊನೇಭಾಗದ_ರೈತ

ನಾಲೆ ನೀರ್ ಬಿಟ್ಟಾಗ ಮೋಟ್ರ್ ಮುಟ್ಟಕ್ಕಿಲ್ಲ. ಮಳೆಗಾಲ ಕಳುದ್ರೆ ತೊಂಬತ್ ದಿನ ಓಡುದ್ರೆ ಹೆಚ್ಚು. ನಾಗಮಂಗಲ್ದೋರ್ ಕತೆ ಬೇರೆ, ಅಲ್ಲಿ ಎಷ್ಟೋ ಊರಿಗ್ ನಾಲೆ ನೀರ್ ಬರಕ್ಕಿಲ್ಲ, ವರ್ಷಪೂರ್ತಿ ಬೋರೇ ಗತಿ.

ಹಳೇ_ಕೆಇಬಿ

90 ದಿನ ಅಂದರೆ 2,520 ಯೂನಿಟ್. ವ್ಯತ್ಯಾಸ 3,080. ಯೂನಿಟ್ಟಿಗೆ 7 ರೂಪಾಯಿ ಅಂತಿಟ್ಟುಕೊಂಡರೆ ಒಂದೇ ಪಂಪ್‌ಸೆಟ್ಟಿನ ಹೆಸರಲ್ಲಿ ವರ್ಷಕ್ಕೆ 21,560 ರೂಪಾಯಿ ಗಾಳಿ ಲೆಕ್ಕ. ಇದು ಉದಾಹರಣೆ ಮಾತ್ರ. ಪ್ರತಿ ಊರಿನಲ್ಲೂ ಹೀಗೇ ಅಂತ ನಾನು ಹೇಳುತ್ತಿಲ್ಲ. ನಾಗಮಂಗಲದಲ್ಲಿ ತಿರುಗುಮುರುಗಾಗಿ ನಿಜವಾದ ಬಳಕೆಯೇ ಪುಸ್ತಕಕ್ಕಿಂತ ಹೆಚ್ಚಿರಬಹುದು.

ಮಳವಳ್ಳಿ_ಹುಡುಗ

ಮಧ್ಯೆ ಒಂದು ಮಾತು. ನಮ್ಮ ಶಿವನಸಮುದ್ರದ ಬ್ಲಫ್ ವಿದ್ಯುತ್ ಕೇಂದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಗಣಿಯವರು ಕೊಳ್ಳುತ್ತೇವೆ ಅಂತ ಕರಾರು ಮಾಡಿಕೊಂಡ ಮೇಲೆ ತಾನೇ ಶೇಷಾದ್ರಿ ಅಯ್ಯರ್ ಕಾಲದ ಸರ್ಕಾರ ಕೈಹಾಕಿದ್ದು? ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಯಾರು ಕಾಸು ಕೊಡ್ತಾರೆ ಅಂತ ಗೊತ್ತಿಲ್ಲದೆ ಆಗ ಕಂಬ ನೆಡುತ್ತಿರಲಿಲ್ಲ.

ಗಿರಣಿ_ಮಾಲೀಕ

ಎಲ್ಲರೂ ರೈತರು, ಸಂಬಳದವರು ಅಂತ ಎರಡೇ ಜಾತಿ ಮಾಡಿದ್ದೀರಿ. ನಮ್ಮಂಥವರು ವರ್ಷಗಟ್ಟಲೆ ಮನೆಗಿಂತ ಹೆಚ್ಚಿನ ದರ ಕಟ್ಟಿ ಎಲ್ಲರನ್ನೂ ಸಾಕಿದ್ದೇವೆ. ಕ್ರಾಸ್ ಸಬ್ಸಿಡಿ ಅಂತ ಹೆಸರು. ಈಗ ದೊಡ್ಡ ಕಾರ್ಖಾನೆಯವರು ಓಪನ್ ಆಕ್ಸೆಸ್‌ನಲ್ಲಿ ನೇರವಾಗಿ ಸೋಲಾರ್ ಕಂಪನಿಯಿಂದ ಕೊಳ್ಳುತ್ತಾರೆ, ಇಲ್ಲವೇ ಚಾವಣಿ ಮೇಲೆ ಫಲಕ ಹಾಕಿಕೊಳ್ಳುತ್ತಾರೆ. ಸರಿಯಾಗಿ ಬಿಲ್ ಕಟ್ಟುವ ಗಿರಾಕಿ ಎದ್ದು ಹೋದರೆ ಎಸ್ಕಾಂ ಕೈಯಲ್ಲಿ ಉಳಿಯುವುದು ಯಾರು? ಮಂಡ್ಯದ ಒಂದು ಸಣ್ಣ ಅಕ್ಕಿ ಗಿರಣಿಗೆ ಹಾಗೆ ಎದ್ದುಹೋಗುವ ತಾಕತ್ತಿಲ್ಲ. ನಿಗದಿತ ಶುಲ್ಕವಂತೂ ಸುಗ್ಗಿ ಇಲ್ಲದ ತಿಂಗಳಲ್ಲೂ ಬರುತ್ತದೆ.

ಪಂಚಾಯ್ತಿ_ಸದಸ್ಯೆ

ಸರ್ಕಾರಿ ಬಾಕಿ ಅಂತ ಯಾರೋ ಅಂದ್ರಲ್ಲ, ಅದರಲ್ಲಿ ನಮ್ಮದೂ ಇದೆ. ಬೀದಿ ದೀಪ, ಕುಡಿಯೋ ನೀರಿನ ಮೋಟ್ರು. ಬಿಲ್ಲು ಪಿಡಿಒ ಟೇಬಲ್ಲಿಗೆ ಬರುತ್ತೆ, ಕಟ್ಟೋ ದುಡ್ಡು ಬರೋದು ಯಾವಾಗಲೋ, ಬಂದಾಗ ಚರಂಡಿ ಕೆಲಸದ ಕಂಟ್ರಾಕ್ಟರು ಬಾಗಿಲಲ್ಲಿ ನಿಂತಿರ್ತಾರೆ. ನೀರು ನಿಲ್ಲಿಸಿದ್ರೆ ಊರು ಎದ್ದು ಬರುತ್ತೆ ಅಂತ ಲೈನ್ ಕಟ್ ಮಾಡೋಕೆ ಯಾರೂ ಧೈರ್ಯ ಮಾಡಲ್ಲ. ಬಾಕಿ ಮಾತ್ರ ಬಡ್ಡಿ ಸಮೇತ ಏರುತ್ತೆ.

ಬೀದಿ ದೀಪದ್ದು ನೋಡಿ. ನಮ್ಮೂರಲ್ಲಿ ಎಷ್ಟೋ ಕಂಬಕ್ಕೆ ಸ್ವಿಚ್ಚೇ ಇಲ್ಲ, ಬೆಳಗ್ಗೆ ಹತ್ತು ಗಂಟೆಗೂ ಉರೀತಿರುತ್ತೆ. ಒಂದು ಟೈಮರ್ ಪೆಟ್ಟಿಗೆ, ಒಂದು ಮೀಟರು ಹಾಕ್ಸಿ ಅಂತ ಪ್ರತಿ ಸಭೇಲೂ ಹೇಳ್ತೀನಿ. ನನ್ನ ಕೇಳಿದ್ರೆ ಪಂಚಾಯ್ತಿಗೆ ಬರೋ ಅನುದಾನದಲ್ಲೇ ಆ ತಿಂಗಳ ಕರೆಂಟ್ ದುಡ್ಡು ಮುರ್ಕೊಂಡು ಮಿಕ್ಕಿದ್ದು ಕೊಡಲಿ. ಅಧ್ಯಕ್ಷರಿಗೆ ಕೋಪ ಬರುತ್ತೆ, ಬರಲಿ.

ಲೆಕ್ಕದ_ಮೇಡಂ

ಅಕ್ಕ ಹೇಳಿದ್ದು ನೂರಕ್ಕೆ ನೂರು. ಸರ್ಕಾರ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಬೇಕಾದ ಹಣ ಇದು. ಅದು ನಿಲ್ಲುವುದರಿಂದ ಬ್ಯಾಂಕಿಗೆ ಬಡ್ಡಿ ಕಟ್ಟುತ್ತೇವೆ ಅನ್ನುವುದು ನನಗೆ ಅರಗದ ವಿಷಯ.

ಹೊರಗೆ ಇದರ ಪರಿಣಾಮ ಏನು ಗೊತ್ತೆ? 2022ರ ಆಗಸ್ಟಿನಲ್ಲಿ ಉತ್ಪಾದಕರಿಗೆ ಬಾಕಿ ಉಳಿಸಿಕೊಂಡಿದ್ದಕ್ಕೆ 13 ರಾಜ್ಯಗಳ ಕಂಪನಿಗಳು ವಿದ್ಯುತ್ ವಿನಿಮಯ ಕೇಂದ್ರದಲ್ಲಿ ವ್ಯವಹಾರ ಮಾಡದಂತೆ ತಡೆದರು. ಆ ಪಟ್ಟಿಯಲ್ಲಿ ಕರ್ನಾಟಕದ ಹೆಸರೂ ಇತ್ತು. ಇದನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಮೇಲೆ ಉತ್ಪಾದಕರ ಬಾಕಿ ದೇಶದಾದ್ಯಂತ ಇಳಿಯಿತು. 48 ಕಂತಿನ ನಿಯಮ ಕೆಲಸ ಮಾಡಿತು, ಒಪ್ಪೋಣ. ಆದರೆ ಎಸ್ಕಾಂ ಆ ಕಂತು ಕಟ್ಟಿದ್ದು ಎಲ್ಲಿಂದ? ಎಷ್ಟೋ ರಾಜ್ಯಗಳಲ್ಲಿ ಹೊಸ ಸಾಲದಿಂದ. ಸರ್ಕಾರ ಸಬ್ಸಿಡಿ ತಡಮಾಡಿದರೆ ಅದೇ ಥರ ಬಿಸಿ ಮುಟ್ಟಿಸುವ ನಿಯಮ ಯಾಕಿಲ್ಲ?

ಸರಸ್ವತಿಪುರಂ_ನಿವಾಸಿ

ಹಾಗಾದರೆ ಮೀಟರ್ ಹಾಕುವುದೇ ಪರಿಹಾರ ಅಂತ ನೀವೇ ಒಪ್ಪಿದಂತಾಯಿತು. 2024ರಲ್ಲಿ ಪಂಪ್‌ಸೆಟ್ಟಿನ ಆರ್‌ಆರ್ ನಂಬರಿಗೆ (ಕರೆಂಟ್ ಸಂಪರ್ಕದ ಸಂಖ್ಯೆ) ಆಧಾರ್ ಜೋಡಿಸಿ ಅಂದಾಗ ರೈತ ಸಂಘದವರು ಯಾಕೆ ಬೀದಿಗೆ ಬಂದರು?

ಕೊನೇಭಾಗದ_ರೈತ

ಯಾಕಂದ್ರೆ ಇವತ್ ಆಧಾರ್ ಕೇಳ್ದೋರು ನಾಳೆ ಮೀಟ್ರ್ ತರ್ತಾರೆ, ನಾಡಿದ್ ಬಿಲ್ ತರ್ತಾರೆ. ಆರ್‌ಆರ್ ನಂಬ್ರು ನಮ್ಮಜ್ಜನ್ ಹೆಸ್ರಲ್ ಅದೆ, ಖಾತೆ ದೊಡ್ಡಪ್ಪನ್ ಹೆಸ್ರಲ್ ಅದೆ, ಓಡ್ಸೋನು ನಾನು. ಯಾರ್ ಆಧಾರ್ ಕೊಡ್ಲಿ?

ನಿಜ ಹೇಳ್ಬುಡ್ತೀನಿ. ನಮ್ ಟಿಸಿ 63 ಕೆವಿಎದು. ಪುಸ್ತಕದಲ್ ಹದ್ನಾಲ್ಕ್ ಮೋಟ್ರು, ಹೊಲದಲ್ ಇಪ್ಪತ್ತೆರಡು. 5 ಎಚ್‌ಪಿ ಅಂತ ಬರ್ಸಿ ಏಳೂವರೆ ಇಟ್ಟೋರವ್ರೆ. ಸಿಂಗಲ್ ಫೇಸ್ ಇದ್ದಾಗ ಕಂಡೆನ್ಸರ್ ಹಾಕಿ ಓಡ್ಸೋರೂ ಅವ್ರೆ. ಬ್ಯಾಸ್ಗೇಲಿ ಎಲ್ರೂ ಒಟ್ಗೆ ಸ್ಟಾರ್ಟರ್ ಒತ್ತುದ್ರೆ ಟಿಸಿ ಢಮಾರ್. ಆಗ ಟ್ರ್ಯಾಕ್ಟರ್ ಬಾಡ್ಗೆ ನಾವೇ ಚಂದಾ ಎತ್ಬೇಕು. ಟಿಸಿಗ್ ಒಂದ್ ಮೀಟ್ರ್ ಹಾಕ್ಲಿ, ನಾನ್ ಬ್ಯಾಡ ಅನ್ನಕ್ಕಿಲ್ಲ. ನನ್ ಮೋಟ್ರಿಗ್ ಬ್ಯಾಡ.

ಹಳೇ_ಕೆಇಬಿ

ನನ್ನ ಅಭಿಪ್ರಾಯವೂ ಅದೇ. ಒಂದೊಂದು ಮೋಟರಿಗೆ ಮೀಟರ್ ಹಾಕಿ ಹೊಲದಲ್ಲಿ ರೀಡಿಂಗ್ ತೆಗೆಯಲು ಜನವೂ ಇಲ್ಲ, ಜಗಳಕ್ಕೂ ಕೊನೆಯಿಲ್ಲ. ಟಿಸಿಗೆ ಮೀಟರ್ ಹಾಕಿದರೆ ಸಾಕು. ಬಿಲ್ಲು ರೈತನಿಗೆ ಹೋಗುವುದಿಲ್ಲ, ಸರ್ಕಾರಕ್ಕೆ ಹೋಗುತ್ತದೆ, ಅಳತೆಯ ಸಮೇತ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರನ್ನೂ ಪಂಪ್‌ಸೆಟ್ಟಿನ ಫೀಡರನ್ನೂ ಬೇರೆ ಮಾಡಿದ್ದರಿಂದ ಅರ್ಧ ಕೆಲಸ ಆಗಿದೆ. ಗುಜರಾತಿನವರು ಜ್ಯೋತಿಗ್ರಾಮ ಅಂತ 2003ರಿಂದ 2006ರೊಳಗೆ ಇದನ್ನು ಮುಗಿಸಿದರು, ರೈತರಿಂದ ಎಚ್‌ಪಿ ಲೆಕ್ಕದಲ್ಲಿ ಒಂದಿಷ್ಟು ದುಡ್ಡನ್ನೂ ತೆಗೆದುಕೊಳ್ಳುತ್ತಾರೆ. ಅಲ್ಲಿನ ಕಂಪನಿಗಳು ಲಾಭದಲ್ಲಿವೆ.

ಇನ್ನೊಂದು, ಹಗಲು ಕರೆಂಟು. ಪಾವಗಡ ಮತ್ತಿತರ ಕಡೆಯ ಸೋಲಾರಿನಿಂದ ಹಗಲಲ್ಲಿ ಅಗ್ಗದ ಕರೆಂಟು ಸಿಗುತ್ತದೆ. ಸಂಜೆ ಆರರಿಂದ ಹತ್ತು ತುಟ್ಟಿ. ಪಂಪ್‌ಸೆಟ್ಟಿನ ಏಳು ಗಂಟೆಯನ್ನು ಪೂರ್ತಿ ಹಗಲಿಗೆ ತಂದರೆ ರೈತನ ಚಿರತೆ ಭಯವೂ ತಪ್ಪುತ್ತದೆ, ಕೊಳ್ಳುವ ಖರ್ಚೂ ಇಳಿಯುತ್ತದೆ. ಕುಸುಮ್ ಯೋಜನೆಯಲ್ಲಿ ಫೀಡರಿಗೇ ಸೋಲಾರ್ ಜೋಡಿಸುವುದು ಇದಕ್ಕೇ. ಲೈನಿನಿಂದ 500 ಮೀಟರಿಗಿಂತ ದೂರವಿರುವ ಹೊಸ ಬೋರಿಗೆ ಕಂಬ ಎಳೆಯುವ ಬದಲು ಸೋಲಾರ್ ಪಂಪ್ ಅಂತ ರಾಜ್ಯ ತೀರ್ಮಾನಿಸಿದ್ದೂ ಒಳ್ಳೆಯದೇ.

ಗಿರಣಿ_ಮಾಲೀಕ

ಟಿಸಿ ಮೀಟರಿನಲ್ಲಿ ಕಡಿಮೆ ಬಳಕೆ ಬಂತು ಅಂತಿಟ್ಟುಕೊಳ್ಳಿ. ಆಗ ಆ ಯೂನಿಟ್ಟುಗಳೆಲ್ಲ 'ವಿತರಣಾ ನಷ್ಟ' ಅಂತ ಹೊರಗೆ ಬೀಳುತ್ತವೆ. ಸಬ್ಸಿಡಿ ಇಳಿಯುತ್ತದೆ, ಎಸ್ಕಾಂ ನಷ್ಟ ಏರುತ್ತದೆ. ಆಮೇಲೆ ಅದನ್ನು ನಮ್ಮ ದರಕ್ಕೆ ಸೇರಿಸುವುದಿಲ್ಲ ಅಂತ ಯಾರು ಗ್ಯಾರಂಟಿ ಕೊಡುತ್ತಾರೆ?

ಹಳೇ_ಕೆಇಬಿ

ಗ್ಯಾರಂಟಿ ಯಾರೂ ಕೊಡುವುದಿಲ್ಲ. ಮೊದಲೆರಡು ವರ್ಷ ಪುಸ್ತಕ ಕೆಟ್ಟದಾಗಿಯೇ ಕಾಣುತ್ತದೆ. ಅದಕ್ಕೇ ಯಾವ ಎಂಡಿಯೂ ತನ್ನ ಅವಧಿಯಲ್ಲಿ ಇದಕ್ಕೆ ಕೈಹಾಕಲು ಇಷ್ಟಪಡುವುದಿಲ್ಲ. ಆದರೆ ಆಯೋಗ ನಷ್ಟಕ್ಕೆ ಒಂದು ಮಿತಿ ಹಾಕುತ್ತದೆ. ಮಿತಿ ಮೀರಿದ್ದನ್ನು ದರಕ್ಕೆ ಸೇರಿಸಬೇಡಿ ಅಂತ ವಿಚಾರಣೆಯಲ್ಲಿ ಕೇಳುವ ಹಕ್ಕು ನಿಮಗಿದೆ.

ಸರಸ್ವತಿಪುರಂ_ನಿವಾಸಿ

ವಿಚಾರಣೆ ಅಂದರೆ ಆ ಆಯೋಗದ (ಕೆಇಆರ್‌ಸಿ) ಸಾರ್ವಜನಿಕ ವಿಚಾರಣೆಯೇ? ಮೈಸೂರಿನಲ್ಲೂ ನಡೆಸುತ್ತಾರೆ ಅಂತ ಪೇಪರಿನಲ್ಲಿ ಓದಿದ್ದೇನೆ, ಹೋಗಿಲ್ಲ. ಹೋದರೆ ಏನು ಕೇಳಬೇಕು?

ಹಳೇ_ಕೆಇಬಿ

'ದರ ಏರಿಸಬೇಡಿ' ಅಂತ ಭಾಷಣ ಮಾಡಬೇಡಿ, ಅದನ್ನು ಎಲ್ಲರೂ ಮಾಡುತ್ತಾರೆ, ಅವರು ತಲೆ ಅಲ್ಲಾಡಿಸಿ ಮುಂದಿನವರನ್ನು ಕರೆಯುತ್ತಾರೆ. ನಿಗಮ ಅರ್ಜಿ ಹಾಕಿದಾಗ ಪೇಪರಿನಲ್ಲಿ ಪ್ರಕಟಣೆ ಬರುತ್ತದೆ. ಅರ್ಜಿಯ ಪೂರ್ತಿ ಪ್ರತಿ ತರಿಸಿಕೊಂಡು ಎರಡೇ ಜಾಗ ನೋಡಿ. ಒಂದು, ಒಂದು ಪಂಪ್‌ಸೆಟ್ಟಿಗೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ತೋರಿಸಿದ್ದಾರೆ, ಹೋದ ವರ್ಷಕ್ಕಿಂತ ಯಾಕೆ ಏರಿತು. ಮಳೆ ಚೆನ್ನಾಗಿ ಆದ ವರ್ಷವೂ ಏರಿದ್ದರೆ ಅದನ್ನೇ ಹಿಡಿಯಿರಿ. ಎರಡು, ಸರ್ಕಾರದಿಂದ ಬರಬೇಕಾದ ಸಬ್ಸಿಡಿ ಎಷ್ಟು, ಬಂದದ್ದು ಎಷ್ಟು, ಯಾವ ತಿಂಗಳು ಬಂತು. ತಡವಾದದ್ದರ ಬಡ್ಡಿಯನ್ನು ಸರ್ಕಾರದಿಂದ ವಸೂಲು ಮಾಡಿ, ನಮ್ಮ ದರಕ್ಕೆ ಸೇರಿಸಬೇಡಿ ಅಂತ ಬರವಣಿಗೆಯಲ್ಲಿ ಕೊಡಿ. ಬರೆದು ಕೊಟ್ಟ ಆಕ್ಷೇಪಣೆಗೆ ಅವರು ಉತ್ತರ ಕೊಡಬೇಕು, ಆದೇಶದಲ್ಲೂ ಅದು ಅಚ್ಚಾಗುತ್ತದೆ.

ಕೊನೇಭಾಗದ_ರೈತ

ಸಾ, ನಾನೂ ಬತ್ತೀನಿ. ನಮ್ ಟಿಸಿದು, ಪಕ್ಕದ್ ಊರಿನ್ ಮೂರ್ ಟಿಸಿದು ಬರ್ಕಂಡ್ ಬಂದ್ರೆ ಆಗ್ತದಾ? ಯಾವ್ ಥರ ಬರೀಬೇಕು?

ಹಳೇ_ಕೆಇಬಿ

ಆಗುತ್ತದೆ. ಒಂದು ಹಾಳೆಯಲ್ಲಿ ಗೆರೆ ಹಾಕಿ: ಟಿಸಿ ಎಷ್ಟು ಕೆವಿಎ, ಪುಸ್ತಕದಲ್ಲಿ ಎಷ್ಟು ಮೋಟರು, ಹೊಲದಲ್ಲಿ ಎಷ್ಟು, ನಾಲೆ ನೀರು ಇದ್ದ ತಿಂಗಳು, ಮೋಟರು ಓಡಿದ ದಿನ. ರೈತರ ಹೆಸರು, ಆರ್‌ಆರ್ ನಂಬರು ಬರೆಯಬೇಡಿ, ನಾಳೆ ಯಾರೋ ಒಬ್ಬರ ಮೇಲೆ ಕೇಸಾಗುವುದು ಬೇಡ. ಪಂಚಾಯ್ತಿ ಸದಸ್ಯೆಯವರು ಬೀದಿ ದೀಪದ ಬಿಲ್ಲಿನ ಪ್ರತಿ ತಂದರೆ ಅದನ್ನೂ ಜೊತೆಗೆ ಲಗತ್ತಿಸೋಣ.

ಪಂಚಾಯ್ತಿ_ಸದಸ್ಯೆ

ತರ್ತೀನಿ. ಪಿಡಿಒ ಕೊಟ್ಟರೆ.